ಹಾಡಿನ ಹೊದಿಕೆ

ಹಾಡಿಗೆ ಹೊದಿಕೆಯೇತಕ್ಕೆ ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಇರುವರು. ಹಾಡು ಕಿವಿಗೆ ಸೇರಿದ್ದು, ಹೊದಿಕೆ ಕಣ್ಣಿಗೆ ಸೇರಿದ್ದು. ಕಿವಿಯ ಊಟಕ್ಕೆ ಕಣ್ಣಿನ ಎಲೆಯನ್ನು ಹಾಸುವುದೇಕೆ ಎಂಬುದು ಅವರ ವಾದ. ಇನ್ನೊಂದು ಪಕ್ಷದವರು, ಎಂದರೆ ಈಚೆಗೆ ವಿನ್ಯಾಸವೆಂಬ ವಿದ್ಯೆಯನ್ನು ಕಲಿತು ಬರುತ್ತಿರುವ ನಮ್ಮ ತರುಣರು, ಹೊದಿಕೆಯೇ ಸರ್ವಸ್ವವೆಂಬಂತೆ ನಡೆದುಕೊಳ್ಳುವರು. ಈ ಎರಡು ಪಕ್ಷಗಳ ನಡುವೆ ಹೊದಿಕೆಯ ಮುಖ್ಯ ಕರ್ತವ್ಯವೇನೆಂಬುದು ಯಾರ ಗಮನಕ್ಕೂ ಬಾರದೆ ಉಳಿದಿದೆ. ಹೆಸರು ಹೇಳುವುದೇ ಆ ಕರ್ತವ್ಯ. ಯಾರು ಹಾಡಿದರು, ಯಾರಿಂದ ಕಲಿತರು, ಯಾವ ಊರಿನ ಪದ, ಯಾವ ವರ್ಷ ಅದನ್ನು ಹಿಡಿದಿಟ್ಟರು ಎಂಬ ನಾಲ್ಕು ಮಾತುಗಳನ್ನು ಹೇಳದ ಹೊದಿಕೆಯು ಎಷ್ಟು ಚೆಲುವಾಗಿದ್ದರೂ ಹಾಡಿದವಳ ಮುಖಕ್ಕೆ ಹಾಕಿದ ಮುಸುಕೇ ಸರಿ.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಂಗಳೂರು ಮೈಸೂರುಗಳ ಕಾಲೇಜುಗಳಿಗೆ ಹೋಗಿರುವ ಹುಡುಗ ಹುಡುಗಿಯರು ರಜೆಯಲ್ಲಿ ಊರಿಗೆ ಬಂದು, ಹಟ್ಟಿಯ ಮುದುಕಿಯರ ಬಾಯಿಂದ ಸೋಬಾನೆಯನ್ನೋ ಕೋಲಾಟದ ಪದವನ್ನೋ ಫೋನಿನಲ್ಲಿ ಹಿಡಿದುಕೊಂಡು, ಹಿಂದಿರುಗಿ ಹೋದಮೇಲೆ ಅದಕ್ಕೆ ಗಿಟಾರನ್ನೂ ತಾಳಯಂತ್ರವನ್ನೂ ಕೂಡಿಸಿ, ನಾಲ್ಕೈದು ಹಾಡುಗಳ ಒಂದು ಕಟ್ಟನ್ನು ಸಿದ್ಧಪಡಿಸುವರು. ಇದಕ್ಕೆ ಆಲ್ಬಮ್ ಎಂದು ಹೆಸರು. ದೊಡ್ಡ ಕಂಪೆನಿಯ ಹಂಗಿಲ್ಲದೆ ತಾವೇ ಮಾಡಿದುದರಿಂದ ಇದು ಸ್ವತಂತ್ರ ಸಂಗೀತ; ಅವರ ಬಾಯಲ್ಲಿ ‘ಇಂಡಿ’. ಪದವಿಯ ಕೊನೆಯ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯು ಹಾಡನ್ನೂ ಅವನ ಗೆಳತಿಯೊಬ್ಬಳು ಅದರ ಹೊದಿಕೆಯನ್ನೂ ಮಾಡಿ ಗುರುಗಳಿಗೆ ಒಪ್ಪಿಸಿ ಅಂಕಗಳನ್ನು ಪಡೆಯುವುದುಂಟು. ಇದು ಸಂತೋಷಪಡತಕ್ಕ ವಿಷಯವೇ ಹೊರತು ದೂರತಕ್ಕದ್ದಲ್ಲ. ೨೦೦೮ರಲ್ಲಿ ರಘು ದೀಕ್ಷಿತರ ಮೊದಲನೆಯ ಆಲ್ಬಮ್ ಹೊರಬಂದಾಗ, ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಡನೆ ಕೇಳಿ ಮೂಗು ಮುರಿದ ಹಿರಿಯರು ಕೆಲವರಿದ್ದರು. ಅದೇ ಪದಗಳನ್ನು ಅವರ ಮೊಮ್ಮಕ್ಕಳು ಇಂದು ಬಾಯಿಪಾಠವಾಗಿ ಹೇಳುವರು. ಹಳೆಯ ಪದಕ್ಕೆ ಹೊಸ ವಾದ್ಯ ಸೇರಿದರೆ ಪದವೇನೂ ಮೈಲಿಗೆಯಾಗದು. ನಮ್ಮ ಜಗಳ ವಾದ್ಯದೊಡನೆಯಲ್ಲ, ಹೊದಿಕೆಯೊಡನೆ.

ಇಂತಹ ಹೊದಿಕೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುವು. ಕೆಂಪು ಆಕಾಶ, ಅದರ ಮುಂದೆ ಏಳುಸುತ್ತಿನ ಕೋಟೆಯ ಕಪ್ಪು ನೆರಳು. ಕೋಟೆಯಿಲ್ಲದಿದ್ದರೆ ಒನಕೆ. ಒನಕೆಯೂ ಇಲ್ಲದಿದ್ದರೆ ಮುಖವೇ ಕಾಣದಂತೆ ಬೆನ್ನು ತಿರುಗಿಸಿ ನಿಂತ, ತಲೆಯ ಮೇಲೆ ಕೊಡ ಹೊತ್ತ ಹೆಂಗಸು. ಮೇಲೆ ರೋಮನ್ ಅಕ್ಷರಗಳಲ್ಲಿ ದೊಡ್ಡದಾಗಿ ಹೆಸರು. ಮೂಲೆಯಲ್ಲಿ, ದಾಕ್ಷಿಣ್ಯಕ್ಕೆ ಕರೆದ ನೆಂಟನಂತೆ, ಕನ್ನಡ. ಹಿಂಬದಿಯಲ್ಲಿ ಗಿಟಾರು ನುಡಿಸಿದವನ ಹೆಸರು, ಧ್ವನಿಯನ್ನು ಸರಿಗೊಳಿಸಿದವನ ಹೆಸರು, ಛಾಯಾಚಿತ್ರ ತೆಗೆದವನ ಹೆಸರು, ಚಹ ತಂದುಕೊಟ್ಟ ಗೆಳೆಯನಿಗೆ ಕೃತಜ್ಞತೆ. ಪದದ ಮುಂದೆ ಮಾತ್ರ ಒಂದೇ ಶಬ್ದ: ‘ಜಾನಪದ’.

ಈ ಒಂದು ಶಬ್ದದ ಮೇಲೆಯೇ ನಮ್ಮ ಆಕ್ಷೇಪಣೆಯ ಭಾರವೆಲ್ಲ ನಿಂತಿದೆ. ಅದಕ್ಕೆ ಮೊದಲು, ಹೆಸರು ಹೇಳುವ ಪದ್ಧತಿ ಹೊರಗಿನಿಂದ ಬಂದ ಆಚಾರವೆಂದು ಯಾರಾದರೂ ಎಣಿಸಿದ್ದರೆ, ಅವರು ನಮ್ಮ ಜಿಲ್ಲೆಯದೇ ಒಂದು ಬಂಡೆಯ ಬಳಿಗೆ ಹೋಗಿ ಬರಲಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೌರ್ಯ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. ಅದರಲ್ಲಿ ರಾಜನು ತನ್ನನ್ನು ‘ದೇವರಿಗೆ ಪ್ರಿಯನಾದವನು’ ಎಂಬ ಬಿರುದಿನಿಂದ ಮಾತ್ರ ಕರೆದುಕೊಂಡಿರುವನು. ಅಶೋಕನೆಂಬ ಹೆಸರು ಅಲ್ಲಿಲ್ಲ. ಆ ಹೆಸರುಳ್ಳ ಶಾಸನವು ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆಯುವುದಕ್ಕೆ ೧೯೧೫ರ ವರೆಗೆ ಕಾಯಬೇಕಾಯಿತು. ಆದರೆ ಬ್ರಹ್ಮಗಿರಿಯ ಬಂಡೆಯ ಕೊನೆಯ ಸಾಲಿನಲ್ಲಿ, ಅದನ್ನು ಬರೆದ ಲಿಪಿಕಾರನ ಹೆಸರು ಸ್ಪಷ್ಟವಾಗಿದೆ. ಅವನು ಚಪಡ. ತನ್ನ ವೃತ್ತಿಯನ್ನು ಹೇಳುವ ಪದವನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿರುವನು. ವಾಯವ್ಯ ದೇಶದ ಲಿಪಿಯದು. ಈ ಸೀಮೆಯಲ್ಲಿ ಓದಬಲ್ಲವರು ಎಷ್ಟು ಮಂದಿ ಇದ್ದರೋ! ಓದುವವರಿಲ್ಲದಿದ್ದರೂ ಅವನು ರುಜು ಹಾಕದೆ ಬಿಡಲಿಲ್ಲ. ಚಕ್ರವರ್ತಿಯ ಹೆಸರಿಲ್ಲದ ಬಂಡೆಯ ಮೇಲೆ ಕೂಲಿಯ ಬರೆಹಗಾರನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚಾಗಿ ನಿಂತಿದೆ. ನಮ್ಮ ಓಲೆಗರಿಯ ಕಟ್ಟುಗಳಲ್ಲಿಯೂ ಹಾಗೆಯೇ. ಮೇಲೂ ಕೆಳಗೂ ಮರದ ಹಲಗೆ, ನಡುವೆ ದಾರ, ಸುತ್ತ ಬಟ್ಟೆ. ಅದೇ ಆ ಕಾಲದ ಹೊದಿಕೆ. ಒಳಗೆ ಆಶ್ವಾಸದ ಕೊನೆಗೆ ಕವಿಯ ಹೆಸರು. ಕಟ್ಟಿನ ಕೊನೆಗೆ ಪ್ರತಿ ಮಾಡಿದವನ ಹೆಸರು, ಊರು, ಸಂವತ್ಸರ, ತಿಥಿ. ಇಂತಹ ನಾಡಿನಲ್ಲಿ ಹುಟ್ಟಿದ ಮಕ್ಕಳು, ಹೆಸರು ಬರೆಯುವುದು ಹೊದಿಕೆಯ ಅಂದಕ್ಕೆ ಅಡ್ಡಿ ಎಂದರೆ ಏನು ಹೇಳೋಣ?

ಧ್ವನಿಮುದ್ರಣದ ಚರಿತ್ರೆಯೂ ಇದನ್ನೇ ಹೇಳುವುದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರು ಗ್ರಾಮಫೋನ್ ಕಂಪೆನಿಯವರ ಕೊಳವೆಯ ಮುಂದೆ ಹಾಡಿದಾಗ, ಪ್ರತಿಯೊಂದು ಹಾಡಿನ ಕೊನೆಗೂ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳಿದರು. ಅದನ್ನು ಕೇಳಿ ಇಂದಿನವರು ನಗುವರು, ಬಿಂಕವೆನ್ನುವರು. ಕಾರಣ ಬೇರೆ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿತ್ತು. ಹಿಂದೂಸ್ತಾನದ ಭಾಷೆಯನ್ನೂ ರಾಗವನ್ನೂ ಅರಿಯದ ಅಲ್ಲಿನ ಕೆಲಸಗಾರರು ತಟ್ಟೆಯ ನಡುವಣ ಚೀಟಿಯ ಮೇಲೆ ಯಾರ ಹೆಸರನ್ನು ಅಚ್ಚು ಮಾಡಬೇಕೆಂಬುದನ್ನು ಆ ಕೂಗಿನಿಂದ ತಿಳಿದುಕೊಳ್ಳುತ್ತಿದ್ದರು. ಹೊದಿಕೆಯ ಕೆಲಸವನ್ನು ಆ ಹೆಂಗಸು ತನ್ನ ಕಂಠದಿಂದಲೇ ಮಾಡಿದಳು. ಮುಂದೆ ಅವರು ಮೈಸೂರಿನ ಆಸ್ಥಾನಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಮನೆ ಹೋಯಿತು, ಐಶ್ವರ್ಯ ಹೋಯಿತು. ತಟ್ಟೆಯ ಕೊನೆಯ ಆ ಕೂಗು ಮಾತ್ರ ಇನ್ನೂ ಕೇಳುವುದು.

ಆ ತಟ್ಟೆಗಳು ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟು ಮಾತ್ರ ಹಾಡುತ್ತಿದ್ದುದರಿಂದ ದೊಡ್ಡ ಸಂಗೀತವನ್ನು ಹಲವು ತಟ್ಟೆಗಳಲ್ಲಿ ಹಂಚಿ, ಛಾಯಾಚಿತ್ರದ ಪುಸ್ತಕದಂತೆ ಬೈಂಡು ಮಾಡಿ ಮಾರಿದರು. ಆಲ್ಬಮ್ ಎಂಬ ಹೆಸರು ಬಂದುದು ಹಾಗೆ. ಬಹುಕಾಲ ಅವುಗಳ ಮೇಲೆ ಬರಿಯ ಕಂದು ಕಾಗದ, ಅದರ ಮೇಲೆ ಅಕ್ಷರ. ೧೯೪೦ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಕಲಾವಿದನು ಅದರ ಮೇಲೆ ಚಿತ್ರ ಬರೆಯುವ ಕ್ರಮವನ್ನು ತಂದನು. ೧೯೪೮ರಲ್ಲಿ ಹನ್ನೆರಡಂಗುಲದ ದೀರ್ಘಾವಧಿಯ ತಟ್ಟೆ ಬಂದಮೇಲೆ ಚಿತ್ರಕಾರನಿಗೂ ಬರೆಹಗಾರನಿಗೂ ಒಂಬೈನೂರು ಚದರ ಸೆಂಟಿಮೀಟರುಗಳಷ್ಟು ಬಯಲು ದೊರೆಯಿತು. ಮುಂದೆ ಚಿತ್ರ, ಹಿಂದೆ ತುಂಬ ಬರೆಹ. ಆಮೇಲೆ ಕುಗ್ಗುತ್ತ ಬಂದಿತು. ಕ್ಯಾಸೆಟ್ಟಿನ ಕಾಗದ ಅಂಗೈಯಷ್ಟು. ಸಿ. ಡಿ.ಯ ಪುಸ್ತಿಕೆ ಹನ್ನೆರಡು ಸೆಂಟಿಮೀಟರಿನ ಚೌಕ, ಎಂದರೆ ನೂರ ನಲವತ್ತನಾಲ್ಕು ಚದರ ಸೆಂಟಿಮೀಟರು. ಈಗ ಫೋನಿನ ಗಾಜಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು. ಕಲ್ಕತ್ತೆಯ ಕಂಪೆನಿಯ ತಟ್ಟೆಯ ಮೇಲೆ ಒಂದು ನಾಯಿಯು ಕೊಳವೆಗೆ ಕಿವಿಗೊಟ್ಟು ಯಜಮಾನನ ಧ್ವನಿಯನ್ನು ಕೇಳುತ್ತ ಕುಳಿತಿರುತ್ತಿದ್ದುದನ್ನು ಹಿರಿಯ ವಾಚಕರು ಕಂಡಿರಬಹುದು. ನಾಯಿಗೆ ಹೆಸರು ಬೇಡ. ಅದು ಧ್ವನಿಯಿಂದಲೇ ಯಜಮಾನನನ್ನು ಗುರುತಿಸಬಲ್ಲದು. ಮನುಷ್ಯರಿಗೆ ಆ ಶಕ್ತಿಯಿಲ್ಲದಿರುವುದರಿಂದ ಅಚ್ಚುಕೂಟಗಳು ಬೇಕಾದುವು.

ಕನ್ನಡದಲ್ಲಿ ಕ್ಯಾಸೆಟ್ಟಿನ ಕಾಲವು ಈ ವಿಷಯದಲ್ಲಿ ಒಂದು ದೊಡ್ಡ ಉಪಕಾರವನ್ನೂ ಒಂದು ದೊಡ್ಡ ಅಪಕಾರವನ್ನೂ ಮಾಡಿತು. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದಿತು. ಅಲ್ಲಿಂದ ಮುಂದೆ ಅಂಗಡಿಗೆ ಹೋದವರು ಕವಿಯ ಹೆಸರು ಹೇಳಿ ಧ್ವನಿಸುರುಳಿಯನ್ನು ಕೇಳಿದರು. ಪುಸ್ತಕವನ್ನು ಎಂದೂ ಕೊಳ್ಳದ ಮನೆಗಳಲ್ಲಿಯೂ ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿ ಎಂಬ ಹೆಸರುಗಳು ಅಂಗೈಯಗಲದ ಕಾಗದದ ಮೂಲಕ ಹೊಕ್ಕುವು. ಇದು ಉಪಕಾರ. ಅದೇ ಅಂಗಡಿಯ ಪಕ್ಕದ ಸಾಲಿನಲ್ಲಿ ‘ಜಾನಪದ ಗೀತೆಗಳು’ ಎಂಬ ಸುರುಳಿಗಳಿದ್ದುವು. ಅವುಗಳಲ್ಲಿ ಎಷ್ಟೋ ಕಡೆ ಹಾಡಿದ ಪಟ್ಟಣದ ಗಾಯಕರ ಹೆಸರಿತ್ತು, ರಾಗ ಸಂಯೋಜನೆ ಮಾಡಿದವರ ಹೆಸರಿತ್ತು. ಪದವನ್ನು ಎಪ್ಪತ್ತು ವರ್ಷ ನಾಲಗೆಯ ಮೇಲೆ ಕಾಪಾಡಿ ಹೇಳಿಕೊಟ್ಟವಳ ಹೆಸರಿರಲಿಲ್ಲ. ಓದು ಬಲ್ಲ ಕವಿಗೆ ಹೆಸರು, ಓದು ಬಾರದ ಹಾಡುಗಾರ್ತಿಗೆ ‘ಜಾನಪದ’. ಇಂದಿನ ವಿದ್ಯಾರ್ಥಿಗಳು ತಮ್ಮನ್ನು ಆ ಹಳೆಯ ವ್ಯಾಪಾರದಿಂದ ಬಿಡುಗಡೆ ಹೊಂದಿದವರೆಂದು ಹೇಳಿಕೊಳ್ಳುವರು. ಅದರ ದುರಭ್ಯಾಸವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿರುವರು.

ಈ ಅನ್ಯಾಯವನ್ನು ಕಾಯಿದೆಯು ತಡೆಯುವುದೆಂದು ನಂಬಿ ಸುಮ್ಮನಿರುವವರಿಗೆ ಒಂದು ಮಾತು. ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೧೯೮೪ರಲ್ಲಿ ೫೨-ಎ ಎಂಬ ಕಲಮು ಸೇರಿತು. ಧ್ವನಿಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಅದನ್ನು ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ, ಇವಿಷ್ಟು ಇರತಕ್ಕದ್ದೆಂದು ಅದು ವಿಧಿಸುವುದು. ಹಾಡಿದವರ ಹೆಸರು ಇರಬೇಕೆಂದು ಆ ಕಲಮಿನಲ್ಲಿ ಒಂದಕ್ಷರವೂ ಇಲ್ಲ. ಯಜಮಾನನನ್ನು ಗುರುತಿಸುವುದರಲ್ಲಿ ಕಾಯಿದೆಗೆ ಆ ತಟ್ಟೆಯ ನಾಯಿಗಿಂತ ಹೆಚ್ಚಿನ ಜಾಣತನವೇನೂ ಇರಲಿಲ್ಲ. ೨೦೧೨ರ ತಿದ್ದುಪಡಿಯಿಂದ ೩೮-ಬಿ ಎಂಬ ಕಲಮು ಬಂದು, ಹಾಡಿದವರು ತಮ್ಮನ್ನು ಹಾಡಿದವರೆಂದು ಗುರುತಿಸಬೇಕೆಂದು ಕೇಳುವ ಹಕ್ಕನ್ನು ಪಡೆದರು. ಕೇಳುವ ಹಕ್ಕು! ತನ್ನ ಧ್ವನಿ ಬೆಂಗಳೂರಿನಲ್ಲಿ ಗಿಟಾರಿನೊಡನೆ ಕೂಡಿ ಲೋಕವನ್ನು ಸುತ್ತುತ್ತಿದೆಯೆಂಬುದೇ ತಿಳಿಯದ ಹೊಸದುರ್ಗ ಸೀಮೆಯ ಮುದುಕಿಯು ಯಾರನ್ನು ಕೇಳಬೇಕು? ಅದೂ ಅವಳ ಧ್ವನಿಯನ್ನೇ ಬಳಸಿದರೆ. ಅವಳಿಂದ ಪದವನ್ನು ಕಲಿತು ವಿದ್ಯಾರ್ಥಿಯು ತಾನೇ ಹಾಡಿದನೆಂದರೆ ಆ ಹಕ್ಕು ಕೂಡ ಅವನದೇ ಆಗುವುದು. ಇನ್ನು ಅಂತರ್ಜಾಲದ ಸಂಗೀತದಂಗಡಿಗಳಿಗೆ ಹಾಡನ್ನು ಏರಿಸುವಾಗ ತುಂಬಿಸಿಕೊಡಬೇಕಾದ ನಮೂನೆಯಲ್ಲಿ ಗೀತರಚಕರು, ಸಂಯೋಜಕರು ಎಂಬ ಅಂಕಣಗಳಿರುವುವು. ಅಲ್ಲಿ ಯಾರ ಹೆಸರನ್ನು ಬರೆಯುವರೋ ಅವರ ಕಡೆಗೆ ಹಣ ಹರಿಯುವುದು. ಮೊತ್ತ ಚಿಲ್ಲರೆಯದಾಗಿರಬಹುದು, ಹರಿಯುವ ದಿಕ್ಕು ಮುಖ್ಯ.

ಈಗ ‘ಜಾನಪದ’ ಎಂಬ ಶಬ್ದಕ್ಕೆ ಬರೋಣ. ನಮ್ಮ ಎದುರು ಪಕ್ಷದವರ ವಾದಗಳಲ್ಲಿ ಗೌರವದಿಂದ ಉತ್ತರಿಸತಕ್ಕದ್ದು ಇದೊಂದೇ. ಪದವು ಒಬ್ಬರ ಸ್ವತ್ತಲ್ಲ, ಊರಿನದು. ನೂರು ಬಾಯಿಗಳಲ್ಲಿ ಸವೆದು ನುಣುಪಾದದ್ದು. ಅದರ ಮೇಲೆ ಒಬ್ಬಳ ಹೆಸರನ್ನು ಹಚ್ಚಿದರೆ ಉಳಿದ ತೊಂಬತ್ತೊಂಬತ್ತು ಮಂದಿಗೆ ಅನ್ಯಾಯವಾಗುವುದಿಲ್ಲವೇ ಎಂದು ಅವರು ಕೇಳುವರು. ಮಾತು ಸರಿ. ಆದರೆ ನಾವು ಅವಳನ್ನು ಪದದ ಒಡತಿಯೆಂದು ಬರೆಯಲು ಹೇಳುತ್ತಿಲ್ಲ. ‘ಹೇಳಿಕೊಟ್ಟವರು’ ಎಂದು ಬರೆಯಲು ಹೇಳುತ್ತಿದ್ದೇವೆ. ಕಟ್ಟಿದವರು ಬೇರೆ, ಕಾಪಾಡಿದವರು ಬೇರೆ, ಆ ದಿನ ಹಾಡಿದವರು ಬೇರೆ. ನದಿಯು ಯಾರದೂ ಅಲ್ಲವೆಂದು, ಬಾಯಾರಿದಾಗ ನೀರು ಮೊಗೆದು ಕೊಟ್ಟವಳ ಉಪಕಾರವನ್ನು ಮರೆಯುವವರುಂಟೆ? ಅಷ್ಟೇ ಅಲ್ಲದೆ, ಊರಿನ ಪದವೆಂಬುದು ಎಲ್ಲ ಊರಿನಲ್ಲಿಯೂ ಒಂದೇ ಆಗಿಲ್ಲ. ಜುಂಜಪ್ಪನ ಕಥೆಯನ್ನು ಗಣೆಯ ನಾದದೊಡನೆ ಹೇಳುವ ಇಬ್ಬರು ಕಾಡುಗೊಲ್ಲ ಮುದುಕರನ್ನು ಎರಡು ಹಟ್ಟಿಗಳಲ್ಲಿ ಕೇಳಿ ನೋಡಿ. ದೈವ ಒಂದೇ, ನಡೆ ಬೇರೆ, ನುಡಿ ಬೇರೆ. ಸೋಬಾನೆಯಲ್ಲಿಯೂ ಒಬ್ಬಳು ಸೊಲ್ಲೆತ್ತುವಳು, ಉಳಿದವರು ಹಿಂದೆ ಹಿಡಿಯುವರು. ಆ ಹೆಂಗಸರಲ್ಲಿ ಯಾರನ್ನಾದರೂ, ಈ ಪದ ಯಾರಿಂದ ಬಂತವ್ವಾ ಎಂದು ಕೇಳಿದರೆ, ‘ಜಾನಪದ’ ಎಂದು ಉತ್ತರ ಬರದು. ನಮ್ಮತ್ತೆಯಿಂದ, ನಮ್ಮ ದೊಡ್ಡವ್ವನಿಂದ, ತವರಿನ ಇಂಥವಳಿಂದ ಎಂದು ಹೇಳುವರು. ಅವರಿಗೆ ನೆನಪಿರುವ ಹೆಸರುಗಳನ್ನು ಅಳಿಸಿ, ಅವರು ಕೇಳಿಯೇ ಇಲ್ಲದ ಒಂದು ಸಂಸ್ಕೃತ ಶಬ್ದವನ್ನು ಅವರ ಪರವಾಗಿ ಅಚ್ಚು ಮಾಡುವುದು ವಿನಯವೆನಿಸಿಕೊಳ್ಳುವುದು ಹೇಗೆ?

ಹೆಸರು ಉಳಿದರೆ ಏನಾಗುವುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯವರಿಗೆ ಅಕ್ಷರ ಬರುತ್ತಿರಲಿಲ್ಲ. ನೆನಪಿನಲ್ಲಿದ್ದ ಪದಗಳಿಗೆ ಲೆಕ್ಕವಿರಲಿಲ್ಲ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿ, ಆಕೆಯ ಹೆಸರಿನೊಡನೆಯೇ ನಾಡಿನ ಮುಂದಿಟ್ಟರು. ಅದರ ಫಲವಾಗಿ ವಿದ್ವಾಂಸರು ಆಕೆಯ ಹಟ್ಟಿಯನ್ನು ಹುಡುಕಿಕೊಂಡು ಹೋದರು, ಪ್ರಶಸ್ತಿಗಳು ಬಂದುವು, ಕಾಡುಗೊಲ್ಲರ ಹೆಣ್ಣುಮಗಳೊಬ್ಬಳು ಈ ನಾಡಿನ ದೊಡ್ಡ ಹಾಡುಗಾರ್ತಿಯೆಂಬುದು ಶಾಲೆಯ ಮಕ್ಕಳಿಗೂ ತಿಳಿಯಿತು. ಆ ಪುಸ್ತಕದ ಮೇಲೆ ‘ಜಾನಪದ’ ಎಂದಷ್ಟೇ ಇದ್ದಿದ್ದರೆ ಪದಗಳು ಉಳಿಯುತ್ತಿದ್ದುವು, ಸಿರಿಯಜ್ಜಿ ಉಳಿಯುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತೆಂದು ತೋರುವುದು. ಓಲೆ ಹರಿಯಬಹುದು, ಹಲಗೆ ಕಳೆಯಬಹುದು, ಪ್ರತಿ ಮಾಡುವವನು ಕೈತಪ್ಪಬಹುದು. ಆದುದರಿಂದ ಅವರು ಗುರುತನ್ನು ಹೊದಿಕೆಗೆ ಬಿಡದೆ ಹಾಡಿನ ಒಳಗೇ ಹೊಲಿದಿಟ್ಟರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರವಿಠಲ, ಕನಕದಾಸರಿಗೆ ಕಾಗಿನೆಲೆಯ ಆದಿಕೇಶವ. ಹೆಸರು ದೇವರದು, ಗುರುತು ಕವಿಯದು. ಅಂಕಿತವನ್ನು ಕಿತ್ತೆಸೆದು ಯಾರಾದರೂ ಒಂದು ವಚನವನ್ನು ಹಾಡಿದರೆ ನಾವು ಸಹಿಸುವೆವೇ? ಹಟ್ಟಿಯ ಹೆಣ್ಣುಮಕ್ಕಳು ತಮ್ಮ ಪದಗಳಿಗೆ ಅಂಕಿತವನ್ನು ಇಡಲಿಲ್ಲ. ಬೀಸುವ ಕಲ್ಲಿನ ಮುಂದೆ, ಹಸೆಯ ಮುಂದೆ, ಎದುರಿಗೇ ಇರುವವರಿಗಾಗಿ ಹಾಡುವಾಗ ಅದರ ಅಗತ್ಯ ಬೀಳಲಿಲ್ಲ. ಕೇಳುವವರೆಲ್ಲರಿಗೂ ಹಾಡುವವಳು ಗೊತ್ತಿದ್ದಳು. ಪದವು ಹಟ್ಟಿಯನ್ನು ಬಿಟ್ಟು ಹೊರಟ ದಿನ ಅಗತ್ಯ ಹುಟ್ಟಿತು. ಅವಳು ಇಡದ ಅಂಕಿತವನ್ನು ಅವಳ ಪರವಾಗಿ ಇಡಬೇಕಾದ ಸ್ಥಳವೇ ಈ ಹೊದಿಕೆ. ಹೆಸರು ಹಾಕುವುದು ಬೇಡವೆನ್ನುವ ಹೆಂಗಸರೂ ಇರಬಹುದು. ನಾಚಿಕೆ, ಮನೆಯವರ ಅಂಜಿಕೆ, ಏನೋ ಒಂದು. ಅಂಥಲ್ಲಿ ಕೇಳಿ, ಅವರು ಒಪ್ಪಿದಷ್ಟನ್ನು, ಹಟ್ಟಿಯ ಹೆಸರನ್ನಾದರೂ ಬರೆಯತಕ್ಕದ್ದು. ಕೇಳದೆಯೇ ಅವರಿಗೆ ಬೇಡವೆಂದು ನಾವು ತೀರ್ಮಾನಿಸಕೂಡದು.

ಹೊಳಲ್ಕೆರೆಯ ಗಣಪತಿಯು ಗುಡಿಯ ಮಾಡಿಲ್ಲದೆ ಬಯಲಿನಲ್ಲಿಯೇ ಪೂಜೆಗೊಂಡು ಬಂದ ದೇವರು. ಹೊದಿಕೆಯಿಲ್ಲದಿದ್ದರೆ ಮಹಿಮೆ ಕುಂದುವುದೇ ಎಂದು ಗೆಳೆಯರೊಬ್ಬರು ಹಾಸ್ಯ ಮಾಡಿದರು. ಗಣಪತಿ ಕಲ್ಲಿನವನು, ಮಳೆ ಬಿಸಿಲುಗಳನ್ನು ತಡೆಯಬಲ್ಲ. ಹಾಡು ಉಸಿರು.

ಇನ್ನು ಚಿತ್ರದ ಮಾತು. ಕೋಟೆಯ ಮೇಲೆ ನಮಗೆ ದ್ವೇಷವಿಲ್ಲ. ಅದರ ನೆರಳಿನಲ್ಲಿಯೇ ಬೆಳೆದವರು ನಾವು. ಆದರೆ ಹಿರಿಯೂರು ಸೀಮೆಯ ಕುರಿಗಾಹಿಯ ಪದಕ್ಕೆ ಪಾಳೆಯಗಾರರ ಬತೇರಿಯ ಚಿತ್ರವೇಕೆ? ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ೧೯೭೨ರಲ್ಲಿ ‘ನಾಗರಹಾವು’ ಚಲಚ್ಚಿತ್ರ ಬಂದಮೇಲೆ, ಚಿತ್ರದುರ್ಗವೆಂದರೆ ಬಂಡೆ ಮತ್ತು ಒನಕೆ ಎಂಬ ಭಾವನೆ ಹೊರಗಿನವರಲ್ಲಿ ಬೇರೂರಿತು. ಹೊರಗಿನವರು ಹಾಗೆ ತಿಳಿದರೆ ಕ್ಷಮಿಸೋಣ. ಇಲ್ಲಿಯ ಮಕ್ಕಳೂ ತಮ್ಮ ಊರನ್ನು ಹೊರಗಿನವರ ಕಣ್ಣಿನಿಂದಲೇ ನೋಡಬೇಕೆ? ಹಟ್ಟಿಯ ಸುತ್ತಣ ಮುಳ್ಳಿನ ಬೇಲಿ, ಕರಿಯ ಕಂಬಳಿಯ ಬಿಳಿಯ ಅಂಚು, ಮಾರಿಕಣಿವೆಯ ನೀರು ಹರಿದ ತೋಟದ ಹಸುರು, ಅದು ಹರಿಯದ ಹೊಲದ ಬೂದು ಬಣ್ಣ, ಇವು ಯಾರ ಹೊದಿಕೆಯ ಮೇಲೂ ಬಂದುದನ್ನು ನಾವು ಕಾಣೆವು. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಚಿತ್ರಕಾರ ಪಿ. ಆರ್. ತಿಪ್ಪೇಸ್ವಾಮಿಯವರು ಕುಂಚವನ್ನು ಹಿಡಿದು ಹಳ್ಳಿಹಳ್ಳಿಗಳನ್ನು ಸುತ್ತಿದರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಬರೆಯುವುದಕ್ಕೆ ಮೊದಲು ಹೋಗಿ ನೋಡಬೇಕೆಂಬುದು ಅವರ ದಾರಿ. ಹೊದಿಕೆಯ ವಿನ್ಯಾಸವನ್ನು ಕಲಿಸುವ ಶಾಲೆಗಳು ಯಂತ್ರದ ಮುಂದೆ ಕೂರಿಸುವುದಕ್ಕೆ ಮೊದಲು ಇಂತಹವರ ಒಂದು ಚಿತ್ರವನ್ನಾದರೂ ಮಕ್ಕಳಿಗೆ ತೋರಿಸಿದರೆ ಕೆಟ್ಟುಹೋಗುವುದೇನೂ ಇಲ್ಲ.

ಅಕ್ಷರದ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕನ್ನಡದ ಪದಕ್ಕೆ ರೋಮನ್ ಅಕ್ಷರದಲ್ಲಿ ಶೀರ್ಷಿಕೆ ಕೊಡುವುದು ಲೋಕಕ್ಕೆಲ್ಲ ತಿಳಿಯಲೆಂದು ಎಂಬ ಸಮಾಧಾನ ಸಿದ್ಧವಾಗಿದೆ. ಏನು ತಿಳಿಯುವುದು? ಆ ಲಿಪಿಯಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲ, ಹ್ರಸ್ವಕ್ಕೂ ದೀರ್ಘಕ್ಕೂ ಭೇದವಿಲ್ಲ. ಹೊಸದುರ್ಗದ ಬಳಿಯ ಹಾಲುರಾಮೇಶ್ವರನು ಅದರಲ್ಲಿ ಹಾಳುರಾಮೇಶ್ವರನೂ ಆಗಬಹುದು. ದೇವರು ಸಹನಶೀಲನಾದುದರಿಂದ ಸುಮ್ಮನಿರುವನು. ಕನ್ನಡವನ್ನು ದೊಡ್ಡದಾಗಿ ಬರೆದು, ಬೇಕಾದವರಿಗೆ ಕೆಳಗೆ ರೋಮನನ್ನು ಸಣ್ಣದಾಗಿ ಬರೆಯಲಿ. ಇನ್ನೊಂದು ಕುಶಲದ ಮಾತು: ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುವುದು, ಮೇಲೆ ಗುಣಿತದ ಗುರುತು ಏಳುವುದು. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತರಿಸಿ ಕೂಡಿಸಿದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ತಲೆಯ ಮೇಲೆ ಕೂರುವುದು. ಎಷ್ಟೋ ಹೊದಿಕೆಗಳಲ್ಲಿ ಇಂತಹ ಸಾಲುಗಳು ಜಾತ್ರೆಯ ಬಸ್ಸಿನಲ್ಲಿ ನಿಂತ ಜನರಂತೆ ಒಬ್ಬರ ಕಾಲನ್ನೊಬ್ಬರು ತುಳಿದುಕೊಂಡಿರುವು

ವು, ಅದನ್ನೂ ವಿನ್ಯಾಸವೆಂದೇ ಕರೆಯುವರು.

ಉಗುರಿನಷ್ಟು ಸ್ಥಳದಲ್ಲಿ ಇಷ್ಟೆಲ್ಲವನ್ನು ಬರೆಯುವುದು ಹೇಗೆಂದು ಕೇಳಬಹುದು. ಅಲ್ಲಿ ಬರೆಯಬೇಕಾದುದಿಲ್ಲ. ಅಂತರ್ಜಾಲದ ಅಂಗಡಿಗೆ ಕೊಡುವ ಚೌಕಚಿತ್ರವು ಅಂಗಡಿಯ ಬಾಗಿಲಿನ ಹಲಗೆ ಮಾತ್ರ. ಅದರಲ್ಲಿ ಒಂದು ಚಿತ್ರವೂ ಎರಡು ಪದಗಳೂ ಸಾಕು. ಆದರೆ ವಿದ್ಯಾರ್ಥಿಯ ಪ್ರಾಜೆಕ್ಟೆಂದಮೇಲೆ ಕೈಗೆ ಸಿಗುವ ಒಂದು ವಸ್ತುವನ್ನು ಗುರುಗಳು ಕೇಳಿಯೇ ಕೇಳುವರು. ಈಗ ಬಹುಮಂದಿ ಅದಕ್ಕೆ ದುಬಾರಿಯ ಪೆಟ್ಟಿಗೆ, ರೇಷ್ಮೆಯ ದಾರ, ಮರದ ಬಿಲ್ಲೆ ಎಂದು ಸಾವಿರಗಟ್ಟಲೆ ಸುರಿಯುವರು. ಪತ್ರ ಬರೆಯುವ ಅಳತೆಯ ಒಂದು ಹಾಳೆ ಕಾಗದವನ್ನು ಎರಡು ಸಲ ಮಡಿಸಿದರೆ ಎರಡು ಮಗ್ಗುಲೂ ಸೇರಿ ಎಂಟು ಪುಟಗಳಾಗುವುವು. ಒಂದರಲ್ಲಿ ಚಿತ್ರ, ಒಂದರಲ್ಲಿ ಫೋನಿಗೆ ತೋರಿಸಿದರೆ ಹಾಡು ತೆರೆಯುವ ಸಂಕೇತದ ಚೌಕ, ನಾಲ್ಕರಲ್ಲಿ ಪದಗಳ ಪೂರ್ಣ ಪಾಠ, ಉಳಿದ ಎರಡರಲ್ಲಿ ಹೇಳಿಕೊಟ್ಟವರ ಹೆಸರು, ಅವರು ಯಾರಿಂದ ಕಲಿತರೆಂಬುದು, ಹಟ್ಟಿ, ತಾಲ್ಲೂಕು, ಹಿಡಿದಿಟ್ಟ ದಿನ, ಪದವನ್ನು ಯಾವ ಸಮಯದಲ್ಲಿ ಹಾಡುವರೆಂಬುದು, ವಿದ್ಯಾರ್ಥಿಯು ಅದರಲ್ಲಿ ಏನನ್ನು ಬದಲಾಯಿಸಿದನೆಂಬುದು. ಕೊನೆಯದು ಬಹಳ ಮುಖ್ಯ. ಎರಡು ನುಡಿಗಳನ್ನು ಬಿಟ್ಟಿದ್ದರೆ ಬಿಟ್ಟೆನೆಂದು ಬರೆಯಲಿ; ಧಾಟಿಯನ್ನು ತಿರುಗಿಸಿದ್ದರೆ ತಿರುಗಿಸಿದೆನೆಂದು ಬರೆಯಲಿ. ಪಾಠವನ್ನು ಅಚ್ಚು ಮಾಡಬೇಕಾಗಿ ಬಂದಾಗಲೇ, ತನಗೆ ಅರ್ಥವಾಗದೆ ಬಾಯಿಗೆ ಬಂದಂತೆ ಹಾಡಿದ ಪದಗಳೆಷ್ಟೆಂಬುದು ಅವನಿಗೂ ತಿಳಿಯುವುದು. ತಿಳಿದರೆ ಇನ್ನೊಂದು ಸಲ ಹಟ್ಟಿಗೆ ಹೋಗಬೇಕಾಗುವುದು. ಹೋಗಲಿ.

ಗುರುಗಳಲ್ಲಿಯೂ ಒಂದು ಬಿನ್ನಹವಿದೆ. ಕಾಗದದ ದಪ್ಪಕ್ಕೆ, ಬಣ್ಣದ ಮೇಳಕ್ಕೆ, ಅಕ್ಷರದ ಹೊಸತನಕ್ಕೆ ಅಂಕಗಳನ್ನು ಹಂಚುವ ಅವರು ಈ ಎರಡು ಪುಟಗಳಿಗೆ ಅಂಕವಿಟ್ಟಿರುವರೆ? ಇಟ್ಟಿಲ್ಲದಿದ್ದರೆ ಮಕ್ಕಳನ್ನು ದೂರುವುದು ತರವಲ್ಲ. ಎಲ್ಲಿ ಅಂಕವೋ ಅಲ್ಲಿ ಶ್ರಮ. ಹೇಳಿಕೊಟ್ಟವರ ಹೆಸರಿಲ್ಲದ ಹೊದಿಕೆಯನ್ನು ನೋಡದೆಯೇ ಹಿಂದಕ್ಕೆ ಕೊಡುವ ಒಬ್ಬ ಉಪಾಧ್ಯಾಯರಿದ್ದರೆ ಒಂದೇ ವರ್ಷದಲ್ಲಿ ಈ ಕೆಟ್ಟ ವಾಡಿಕೆ ನಿಲ್ಲುವುದು. ಜಿಲ್ಲೆಯ ಸಾಹಿತ್ಯ ಸಮ್ಮೇಳನಗಳಲ್ಲಿ ಮಳಿಗೆ ಹಾಕಲು ಬರುವ ತರುಣರನ್ನು ಸ್ವಾಗತಿಸುವ ನಮ್ಮ ಸಂಘಗಳೂ ಇದೇ ನಿಯಮವನ್ನಿಡಬಹುದು. ಮಳಿಗೆಯ ಬಾಡಿಗೆಯನ್ನು ಬೇಕಾದರೆ ಬಿಟ್ಟುಕೊಡಲಿ, ಹೆಸರನ್ನು ಬಿಟ್ಟುಕೊಡದಿರಲಿ.

ಅಚ್ಚಾದ ಮೊದಲ ಪ್ರತಿಯು ಗುರುಗಳ ಮೇಜಿಗೆ ಹೋಗುವುದಕ್ಕೆ ಮುಂಚೆ ಪದ ಹೇಳಿಕೊಟ್ಟವಳ ಮನೆಗೆ ಹೋಗತಕ್ಕದ್ದು. ಚಿತ್ರದುರ್ಗದಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರು ಕಡೆಗೂ ಬಸ್ಸುಗಳಿವೆ. ಅಲ್ಲಿಂದ ಹಟ್ಟಿಗೆ ಆಟೋ ಸಿಗದಿದ್ದರೆ ನಡೆಯಬಹುದು. ಅವಳಿಗೆ ಓದು ಬಾರದಿದ್ದರೆ ಜಗುಲಿಯ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಹೆಸರಿನ ಅಕ್ಷರ ತಪ್ಪಾಗಿದೆಯೆಂದೋ, ಈ ಪದವನ್ನು ಹೇಳಿಕೊಟ್ಟವಳು ಅತ್ತೆಯಲ್ಲ ಅತ್ತಿಗೆಯೆಂದೋ ಅವಳು ಹೇಳಿದರೆ, ಉಳಿದ ಪ್ರತಿಗಳು ಅಚ್ಚಾಗುವ ಮುನ್ನ ತಿದ್ದಿಕೊಳ್ಳಬೇಕು.